ತಿರುಗಿಸಿ ಹಾಕಿದ ಮಗ್ಗ

ನೇಯ್ಗೆ ಕಲಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಡೆ ಇರಲಿಲ್ಲ. ಹೀಗೆ ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತಮಿಳು ಸೀಮೆಯ ಒಂದು ಜೈಲಿನಲ್ಲಿ ನೇಯ್ಗೆ ಮಾಸ್ಟರ್ ಆಗಿದ್ದೆ. ಹೋದ ಹೊಸದರಲ್ಲೇ ಅಲ್ಲಿನ ಮಗ್ಗಗಳನ್ನು ಬೀಸಣಿಗೆಯ ಕಡ್ಡಿಗಳಂತೆ ಹರಡಿ ಹಾಕಿಸಿ, ಅವು ಕೂಡುವ ಬುಡದಲ್ಲಿ ಎತ್ತರದ ಸ್ಟೂಲೊಂದನ್ನು ಇರಿಸಿದೆ. ಅದರ ಮೇಲೆ ಕೂತರೆ ಎಲ್ಲರ ಕೈಯೂ ಕಾಣುತ್ತಿತ್ತು. ಅವರು ನನಗೆ ಬೆನ್ನು ಮಾಡಿ ಕೂರುತ್ತಿದ್ದುದರಿಂದ ನಾನು ಯಾರನ್ನು ನೋಡುತ್ತಿದ್ದೇನೆಂದು ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಬೈಯಬೇಕಿಲ್ಲ, ಹೊಡೆಯಬೇಕಿಲ್ಲ. ಜಮಖಾನಗಳು ರಾಶಿ ಬಿದ್ದವು, ಜೈಲಿನ ಸಾಹೇಬರು ಬೆನ್ನು ತಟ್ಟಿದರು, ನಾನು ಉಬ್ಬಿಹೋದೆ.

ಆ ಉಬ್ಬಿನಲ್ಲೇ ಇನ್ನೊಂದು ಉಪಾಯ ಹೇಳಿದೆ. ಸಿಂಗಾನಲ್ಲೂರಿನಲ್ಲಿ ನಡೆಯಲಿದ್ದ ವಸ್ತುಪ್ರದರ್ಶನದಲ್ಲಿ ನಮ್ಮ ಮಳಿಗೆಯೊಳಗೆ ಒಬ್ಬ ಕೈದಿಯನ್ನು ಕೂರಿಸಿ ಜನರ ಎದುರಿಗೇ ನೇಯಿಸೋಣ ಎಂದೆ. ನೋಡಲು ಜನ ಮುಗಿಬೀಳುತ್ತಾರೆ, ಜಮಖಾನ ಖರ್ಚಾಗುತ್ತದೆ, ತಪ್ಪು ಮಾಡುವವರಿಗೂ ಬುದ್ಧಿ ಬರುತ್ತದೆ. ನಷ್ಟ ಯಾರಿಗೆ? ಸಾಹೇಬರಿಗೆ ಬಹಳ ಹಿಡಿಸಿತು. ಮುಖ ಮಾತ್ರ ಎಲ್ಲರಿಗೂ ಚೆನ್ನಾಗಿ ಕಾಣಬೇಕು ಎಂದರು.

ನಾನು ಆರಿಸಿದ್ದು ಕುನ್ನತ್ತೂರಿನ ಒಬ್ಬ ನೇಕಾರನನ್ನು. ಜಗಳದಲ್ಲಿ ಪಕ್ಕದ ಮನೆಯವನನ್ನು ಹೊಡೆದು ಕೊಂದು ಒಳಗೆ ಬಂದು ನಾಲ್ಕು ವರ್ಷವಾಗಿತ್ತು. ನಮ್ಮಂತೆಯೇ ಮನೆಯಲ್ಲಿ ಕನ್ನಡ ಆಡುವವನು; ಪಹರೆಯವರಿಗೆ ತಿಳಿಯಬಾರದ ಮಾತನ್ನೆಲ್ಲ ನಾವು ಕನ್ನಡದಲ್ಲೇ ಆಡುತ್ತಿದ್ದೆವು. ಪ್ರದರ್ಶನದ ಎರಡನೆಯ ದಿನ ಬೆಳಿಗ್ಗೆ ಆತ ನನ್ನನ್ನು ಹತ್ತಿರ ಕರೆದ. ಅವನ ಮಗಳ ಶಾಲೆಯವರು ಅಂದು ಮಕ್ಕಳನ್ನು ಅಲ್ಲಿಗೆ ಕರೆತರುತ್ತಾರೆಂದು ಅವನ ತಮ್ಮ ಕಾಗದ ಬರೆದಿದ್ದ. ಅಪ್ಪ ಬೊಂಬಾಯಿಯ ಮಿಲ್ಲಿನಲ್ಲಿದ್ದಾನೆಂದೇ ಮನೆಯವರು ಆ ಹುಡುಗಿಗೆ ಹೇಳಿಕೊಂಡು ಬಂದಿದ್ದರು.

“ಕೂರಲ್ಲ ಅನ್ನಲ್ಲ ಮಾಸ್ಟ್ರೇ. ಮಗ್ಗ ಮಾತ್ರ ಆ ಕಡೀಕೆ ತಿರುಗಿಸಿ ಕೊಡಿ, ಸಾಕು.”

ಉಪಾಯ ನನ್ನದು, ಅವನನ್ನು ಆರಿಸಿದವನೂ ನಾನೇ. ಹೋಗಿ ಸಾಹೇಬರನ್ನು ಕೇಳಿದೆ. ಮುಖ ಕಾಣದಿದ್ದರೆ ಯಾರಿಗೆ ಬುದ್ಧಿ ಬರುತ್ತದೆ ಎಂದು ಸಾಹೇಬರು ಸಿಡುಕಿದರು. ಎದುರಿನಿಂದ ಕಾಣುವುದು ಬರೀ ಹಾಸಿನ ನೂಲು, ನೇಯ್ದ ಬಟ್ಟೆ ಕಾಣುವುದು ಬೆನ್ನ ಕಡೆಯಿಂದ, ನೇಕಾರನ ಮೂಗು ನೋಡಿ ಯಾರೂ ಜಮಖಾನ ಕೊಳ್ಳುವುದಿಲ್ಲ ಎಂದು ನಾನು ಪಟ್ಟು ಹಿಡಿದೆ. ಕೆಲಸ ಬಲ್ಲವನು ಗಟ್ಟಿ ದನಿಯಲ್ಲಿ ಹೇಳಿದರೆ ಸಾಹೇಬರೂ ಕೇಳುತ್ತಾರೆ. ಮಗ್ಗವನ್ನು ತಿರುಗಿಸಿ ಹಾಕಿಸಿದೆ.

ಮಧ್ಯಾಹ್ನ ಮಕ್ಕಳು ಸಾಲಾಗಿ ಬಂದರು. ನೀಲಿ ದಾವಣಿಯ ಹುಡುಗಿಯರು ಹಗ್ಗದ ಈಚೆ ನಿಂತು, ಇವನು ಎಷ್ಟು ಜನರನ್ನು ಕೊಂದಿರಬಹುದು ಎಂದು ತಮಿಳಿನಲ್ಲಿ ಪಿಸುಗುಟ್ಟಿ ನಕ್ಕರು. ಆತ ಮಳಿಗೆಯ ಹಿಂಬದಿಯ ತಟ್ಟಿಗೆ ಮುಖ ಮಾಡಿ ನೇಯುತ್ತಲೇ ಇದ್ದ. ಲಾಳಿ ಒಮ್ಮೆಯೂ ತಪ್ಪಲಿಲ್ಲ. ಎಲ್ಲಿ ತಿರುಗಿಬಿಡುತ್ತಾನೋ ಎಂಬ ಭಯಕ್ಕೆ ನಾನು ಅವನಿಂದ ಕಣ್ಣು ಕೀಳಲಿಲ್ಲ. ಸಾಲು ಮುಂದಿನ ಮಳಿಗೆಗೆ ಸರಿಯಿತು. ಗೆದ್ದೆ ಎಂದುಕೊಂಡೆ.

ಅವರ ದನಿ ದೂರವಾದ ಮೇಲೆ ಆತ ಮಗ್ಗ ನಿಲ್ಲಿಸಿ, ತಿರುಗದೆಯೇ ಕೇಳಿದ.

“ಬಲಗೆನ್ನೆ ಮ್ಯಾಲೆ ಮಚ್ಚೆ ಐತೆ ಅವ್ಳಿಗೆ. ಈಗ ಎಷ್ಟು ಎತ್ರ ಆಗವ್ಳೆ, ಮಾಸ್ಟ್ರೇ?”

ಅಷ್ಟು ಹೊತ್ತೂ ನಾನು ನೋಡಿದ್ದು ಅವನ ಬೆನ್ನನ್ನು. ಒಬ್ಬ ಹುಡುಗಿಯ ಮುಖವನ್ನೂ ನೋಡಿರಲಿಲ್ಲ. ನನ್ನ ಭುಜದವರೆಗೆ ಬರುತ್ತಾಳೆ ಎಂದೆ.