ಕಣಾರನ್ ಮಾಷ್ ಕಂಡ ಸಿನಿಮಾ

ಮಗುವಿಗೆ ಹಲ್ಲು ಬರುತ್ತಿದೆ. ರಾತ್ರಿ ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ. ಹಗಲು ನಾನು ನಡೆಯುತ್ತಲೇ ತೂಕಡಿಸುತ್ತೇನೆ. ಮಧ್ಯಾಹ್ನ ಉಂಡ ಮೇಲೆ ಅತ್ತೆ ಒಳಗೆ ಅಡ್ಡಾಗುತ್ತಾರೆ. ನನ್ನ ಗಂಡ ಸಜೀವ ಬ್ಯಾಂಕಿನಲ್ಲಿರುತ್ತಾನೆ. ಆ ಹೊತ್ತಿನಲ್ಲಿ ಈ ಮನೆಯಲ್ಲಿ ಎಚ್ಚರವಾಗಿರುವವರು ಮಗು ಅಮ್ಮಾಳು, ನಾನು, ಮತ್ತು ಟೀವಿಯ ಮುಂದೆ ಕೂತ ಮಾವ.

ಮಾವ ಎಂದರೆ ಕಣಾರನ್ ಮಾಷ್. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಆದರೆ ನಮ್ಮೂರು ವಡಕರದಲ್ಲಿ ಭೂಗೋಳಕ್ಕಾಗಿ ಅವರನ್ನು ನೆನೆಯುವವರು ಯಾರೂ ಇಲ್ಲ. ವಾರವಾರ ಪತ್ರಿಕೆಯಲ್ಲಿ ಸಿನಿಮಾದ ಬಗ್ಗೆ ಬರೆಯುತ್ತಿದ್ದ ಮಾಷ್, ಫಿಲ್ಮ್ ಸೊಸೈಟಿ ಕಟ್ಟಿದ ಮಾಷ್ ಎಂದೇ ಹೆಸರು. ಮದುವೆಯಾಗಿ ಬಂದ ಹೊಸದರಲ್ಲಿ ಮೀನು ಕೊಳ್ಳಲು ಹೋದರೆ, ಮತ್ತಿ ಮೀನನ್ನು ಚೀಲಕ್ಕೆ ಹಾಕುತ್ತ ಮೀನಿನವನು ಕೇಳುತ್ತಿದ್ದ, "ಈ ಶುಕ್ರವಾರದ್ದು ಹೆಂಗಿದೆ ಅಂದ್ರು ಮಾಷ್? ಹೋಗಬೋದಾ?"

ಶುಕ್ರವಾರದ ಮೊದಲ ಆಟ, ಪರದೆಯಿಂದ ಮೂರನೆಯ ಸಾಲು, ಎಡತುದಿಯ ಕುರ್ಚಿ. ಕೊನೆಯ ಹೆಸರು ದಾಟಿಹೋಗುವ ತನಕ ಏಳುತ್ತಿರಲಿಲ್ಲ. ಹೊರಗೆ ಬಂದು ಹಾಲಿಲ್ಲದ ಒಂದು ಕಟ್ಟನ್ ಚಹಾ ಕುಡಿದು ಮುಗಿಸುವ ತನಕ ಯಾರ ಜೊತೆಗೂ ಮಾತಿಲ್ಲ. ಈಗ ಮೊಣಕಾಲು ಥಿಯೇಟರಿನ ಮೆಟ್ಟಿಲನ್ನು ಒಪ್ಪುವುದಿಲ್ಲ. ಪತ್ರಿಕೆಯವರೂ ಅಂಕಣ ನಿಲ್ಲಿಸಿದರು. ಓದುಗರಿಗೆ ಐದು ನಕ್ಷತ್ರದಲ್ಲಿ ಎಷ್ಟು ಕೊಟ್ಟರು ಎಂದು ತಿಳಿದರೆ ಸಾಕಂತೆ. ಹಾಗಾಗಿ ಅವರ ವಿಮರ್ಶೆಯೆಲ್ಲ ಈಗ ನನಗೂ ಅಮ್ಮಾಳುವಿಗೂ ಮೀಸಲು. ಟೀವಿಯಲ್ಲಿ ಹಗಲಿಗೆ ಬರುವುದೆಲ್ಲ ಹಳೆಯ ಚಿತ್ರಗಳೇ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡುತ್ತಾರೆ. ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತೇನೆ.

ಕಪ್ಪು ಬಿಳುಪಿನಲ್ಲಿ ದೇವರು ಆಕಾಶದಿಂದ ಇಳಿದರೆ ನನ್ನನ್ನು ಮಗಳೇ ಎಂದು ಕರೆದು ಹೇಳುತ್ತಾರೆ, "ನೋಡು ಮೋಳೇ, ತಂತಿ ಕಾಣ್ತಾ ಇದೆ. ಅವಾಗ್ಲೂ ಕಾಣ್ತಿತ್ತು. ನಮ್ಮಮ್ಮ ನನ್ನ ಕರ್ಕೊಂಡು ಹೋಗಿ ಕೈಮುಗೀತಿದ್ಲು. ತಂತೀಗೂ ಸೇರಿಸಿ ಮುಗೀತಿದ್ಲು."

ಅಳುವ ಸಂಸಾರದ ಚಿತ್ರ ಬಂದರೆ ದನಿ ಇಳಿಯುತ್ತದೆ. "ಇವನ್ನೆಲ್ಲ ಕಣ್ಣೀರಿನ ವ್ಯಾಪಾರ ಅಂತ ಬರ್ದೆ. ಮನೇಲಿ ಕೂತು ಅಳೋಕೆ ಹೆಂಗಸ್ರಿಗೆ ಜಾಗ ಎಲ್ಲಿತ್ತು? ಟಿಕೆಟ್ ತಗೊಂಡು ಹೋಗಿ ಅತ್ತು ಬರ್ತಿದ್ರು. ಸುಮ್ನಿರಬೇಕಿತ್ತು ನಾನು."

ಹೊಡೆದಾಟದ ಚಿತ್ರಗಳ ಮೇಲೆ ಈಗ ಸಿಟ್ಟಿಲ್ಲ. "ಒಂದೇಟಿಗೆ ಸತ್ತೋನು ಮುಂದಿನ ಶುಕ್ರವಾರ ಇನ್ನೊಂದು ಪಿಕ್ಚರಲ್ಲಿ ಎದ್ದು ಬರ್ತಾನೆ. ಇದಕ್ಕಿಂತ ಧೈರ್ಯ ಹೇಳೋದು ಇನ್ನೇನಿದೆ?" ದೆವ್ವದ ಚಿತ್ರಗಳ ವಿಷಯದಲ್ಲಿ ಮಾತ್ರ ಬಿಗಿ. "ಆಗಿನ ದೆವ್ವಕ್ಕೆ ಒಂದು ಕಾರಣ ಇರ್ತಿತ್ತು, ಯಾರೋ ಮೋಸ ಮಾಡಿರ್ತಿದ್ರು. ಈಗಿಂದಕ್ಕೆ ಬರೀ ಸದ್ದು." ಕೆಲಸ ಸಿಗದ ಹುಡುಗರು ನಗಿಸುವ ಚಿತ್ರ ಬಂದಾಗ ತಾವೇ ನಕ್ಕು, ಆಮೇಲೆ ಸಪ್ಪಗಾಗುತ್ತಾರೆ. "ಇವಕ್ಕೆ ನಾಲ್ಕು ಸಾಲು ಕೊಟ್ಟೆ. ಬಸ್ಸಿನ ಕಿಟಕೀಲಿ ಸುಮ್ನೆ ಕೂತವನ ಚಿತ್ರಕ್ಕೆ ಪುಟಗಟ್ಲೆ ಬರ್ದೆ. ಈಗ ಯಾವ್ದನ್ನ ತಿರುಗಿ ನೋಡ್ತಿದೀನಿ, ನೀನೇ ನೋಡು."

"ಮತ್ತೆ ಈಗಿನವು, ಅಚ್ಛ?" ಎಂದು ನಾನು ಕೆಣಕುತ್ತೇನೆ. ಸಜೀವ ಅಪ್ಪನನ್ನು ಕರೆಯುವಂತೆ ನಾನೂ ಅವರನ್ನು ಅಚ್ಛ ಎನ್ನುತ್ತೇನೆ.

"ಕ್ಯಾಮೆರಾ ನಮ್ಮ ಅಮ್ಮಾಳು ಥರ, ಅಂಬೆಗಾಲು ಕಲ್ತಿದೆ, ಒಂದ್ಕಡೆ ಕೂರಲ್ಲ. ಆದ್ರೆ ಒಂದು ಒಪ್ಕೋಬೇಕು, ಈಗಿನ ಪಿಕ್ಚರಲ್ಲಿ ಅಡುಗೆಮನೆ ಇದೆ. ನಮ್ಮ ಕಾಲದಲ್ಲಿ ಅನ್ನ ಎಲ್ಲಿಂದ ಬರುತ್ತೆ ಅಂತ ಯಾವ ಹೀರೋಗೂ ಗೊತ್ತಿರ್ಲಿಲ್ಲ."

ನಿದ್ದೆ ಹೋಗಿದ್ದಾರೆಂದು ನಾವು ಅಂದುಕೊಂಡಿದ್ದ ಅತ್ತೆ ಒಳಗಿನಿಂದಲೇ ಕೂಗಿದರು, "ಬರೀತಿದ್ದೋರಿಗೂ ಗೊತ್ತಿರ್ಲಿಲ್ಲ!"

ಅತ್ತೆ ಮಾಧವಿ ಸಿನಿಮಾ ನೋಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಒಂದೆರಡು ಸಲ ಸೊಸೈಟಿಯ ಚಿತ್ರಕ್ಕೆ ಹೋಗಿ, ಕತ್ತಲೆಯಲ್ಲಿ ಬಿಮ್ಮನೆ ಕೂತು ಸಾಕಾಗಿ, ಆಮೇಲೆ ಚರ್ಚೆಗೆ ಬರುವವರಿಗೆ ಬೇಳೆವಡೆ ಮಾಡಿಕೊಡುವ ಕೆಲಸವನ್ನೇ ಒಪ್ಪಿಕೊಂಡರಂತೆ.

ಮಾವ ಎಂದೂ ಮಾತು ಬದಲಿಸದ ಚಿತ್ರ ಒಂದೇ ಒಂದು, 'ಓಲಪ್ಪುರ', ಎಂದರೆ ಗರಿಮನೆ. ವಾಸವನ್ ಎಂಬ ನಮ್ಮ ಕಡೆಯವರೇ ಒಬ್ಬರು ಸಾಲಸೋಲ ಮಾಡಿ ತೆಗೆದ, ಸೊಸೈಟಿಗಳಲ್ಲಿ ಮಾತ್ರ ಓಡಿದ ಚಿತ್ರ. ಕಡಲಂಚಿನಲ್ಲಿ, ಹಳತಾದಾಗಲೆಲ್ಲ ತೆಂಗಿನ ಗರಿ ಬದಲಿಸಿ ಹೊದಿಸುವ ಒಂದು ಮನೆ, ಅದರಲ್ಲಿ ಒಬ್ಬ ಸೊಸೆ, ಅವಳ ಅತ್ತೆ, ಒಂದು ಮಗು. ಚಿತ್ರದ ನಡುವೆ ಆ ಅತ್ತೆ, ಅಂದರೆ ಮಗುವಿನ ಅಜ್ಜಿ, ಸಾಯುತ್ತಾಳೆ. ಸತ್ತ ಮೇಲಿನ ದೃಶ್ಯದಲ್ಲೇ ಜಗಲಿಯಲ್ಲಿ ಕೂತು ತಲೆ ಬಾಚಿಕೊಳ್ಳುತ್ತಾಳೆ, ಮೊಮ್ಮಗುವನ್ನು ತೊಡೆಯಲ್ಲಿ ಹಾಕಿಕೊಂಡು ಎಣ್ಣೆ ಹಚ್ಚುತ್ತಾಳೆ. ಮನೆಯವರಾರೂ ಬೆಚ್ಚುವುದಿಲ್ಲ. 'ಸತ್ತವರು ಮನೆ ಬಿಟ್ಟು ಹೋಗುವುದಿಲ್ಲ. ಗರಿ ಬದಲಾಗುವ ತನಕ ಅದೇ ಸೂರಿನಡಿ ಇರುತ್ತಾರೆ' ಎಂದು ಮಾವ ಅದರ ಬಗ್ಗೆ ಬರೆದರು. ಆ ಬರಹದಿಂದಲೇ ಚಿತ್ರಕ್ಕೆ ಹೆಸರು ಬಂತು. ಕಾಲವನ್ನು ಮುರಿದು ಕಟ್ಟಿದ ಚಿತ್ರವೆಂದು ಕಾಲೇಜುಗಳಲ್ಲಿ ಇಂದಿಗೂ ಪಾಠ ಮಾಡುತ್ತಾರಂತೆ. ಚಿತ್ರ ಸಿಗುವುದಿಲ್ಲ, ಮಾವನ ಲೇಖನ ಸಿಗುತ್ತದೆ. ಅವರು ಅದನ್ನು ನೋಡಿದ್ದು ತಮ್ಮ ಅಮ್ಮ ತೀರಿಕೊಂಡ ವರ್ಷ ಎಂದು ಹೇಳಿದವನು ಸಜೀವ. ಮಾವ ತಾವಾಗಿ ಹೇಳಲಿಲ್ಲ.

ಹೋದ ವಾರ ವಾಸವನ್ ಅವರ ಮಗಳು ರಜಿತ ಬಂದಳು. ಅಪ್ಪ ಹೋಗಿ ಬಹಳ ಕಾಲವಾಯಿತು. ನಮ್ಮ ಸೊಸೈಟಿಯ ಹಳೆಯ ಅಲಮಾರಿನಲ್ಲಿ ಆ ಚಿತ್ರದ ಸುರುಳಿಗಳಿರುವ ನಾಲ್ಕು ಡಬ್ಬಿ ಸಿಕ್ಕಿದವಂತೆ. ಚೆನ್ನೈನಲ್ಲಿ ತೊಳೆಸಿ ಹೊಸದು ಮಾಡಿಸುತ್ತಿದ್ದಾಳೆ. ಚಿತ್ರೋತ್ಸವದಲ್ಲಿ ತೋರಿಸುತ್ತಾರೆ, ಪುಸ್ತಿಕೆಗೆ ಮಾವನ ಲೇಖನವೇ ಮುನ್ನುಡಿ.

"ಮಾಷೇ, ಒಂದೇ ಒಂದು ವಿಷ್ಯ," ಎಂದಳು ಬಾಳೆಹಣ್ಣಿನ ಬಜ್ಜಿಯನ್ನು ಕೈಯಲ್ಲೇ ಹಿಡಿದುಕೊಂಡು. "ಲ್ಯಾಬಿನೋರಿಗೆ ಡೌಟು. ಎರಡನೇ ಸುರುಳಿ, ಮೂರನೇ ಸುರುಳಿ ಅದಲುಬದಲಾಗಿದೆಯೇನೋ ಅಂತಾರೆ. ಡಬ್ಬಿ ಮೇಲಿನ ನಂಬರ್ ಚೀಟಿ ನೋಡಿದ್ರೆ ನೀವು ಬರ್ದ ಹಾಗೇ ಇದೆ. ಅಪ್ಪ ಇಲ್ಲ. ನೀವು ಹೇಳಿದ್ದೇ ಕೊನೆ. ಒಂದು ಸಲ ಅಂಟಿಸಿದ್ರೆ ಇನ್ಮೇಲೆ ಅದೇ ನಮ್ಮಪ್ಪನ ಸಿನಿಮಾ."

"ನಾನು ಬರ್ದಿದೀನಲ್ಲ," ಎಂದರು ಮಾವ.

"ಗೊತ್ತು ಮಾಷೇ. ಆದ್ರೂ ಒಂದ್ಸಲ ನೋಡಿ." ನಾಲ್ಕು ತುಂಡುಗಳನ್ನೂ ಬೇರೆಬೇರೆಯಾಗಿ ನಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಟ್ಟು, ಭಾನುವಾರ ಫೋನ್ ಮಾಡುತ್ತೇನೆಂದು ಹೋದಳು.

ಮರುದಿನ ಮಧ್ಯಾಹ್ನ ನೋಡಲು ಕೂತೆವು. ಮಾವ ಎಡತುದಿಯ ಕುರ್ಚಿ ಎಳೆದುಕೊಂಡರು. ಡಬ್ಬಿಯ ಚೀಟಿಯ ಕ್ರಮದಲ್ಲೇ ಹಾಕಿದೆ. ಮೊದಲ ತುಂಡಿನಲ್ಲಿ ಮದುವೆ, ಹೊಸ ಗರಿ ಹೊದಿಸಿದ ಮನೆ. ಆಮೇಲಿನದರಲ್ಲಿ ಮಳೆ, ಸೋರುವ ಸೂರು, ಅಜ್ಜಿಯ ಸಾವು. ಹೆಣ ಎತ್ತುವ ಗದ್ದಲದಲ್ಲಿ ಯಾರೂ ನೋಡದೆ ಮಗು ಎದ್ದು ನಿಂತು ಎರಡು ಹೆಜ್ಜೆ ಇಡುತ್ತದೆ. ನನ್ನ ಕಣ್ಣು ತುಂಬಿತು. ಮುಂದಿನದರಲ್ಲಿ ಅಜ್ಜಿ ಜಗಲಿಗೆ ಬಂದಳು. ಬಾಚಣಿಗೆ ತೆಗೆದಳು. ಮಾವ ಉಸಿರು ಹಿಡಿದದ್ದು ನನಗೆ ಕೇಳಿಸಿತು.

ಸ್ವಲ್ಪ ಹೊತ್ತಾದ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ ಕೇಳಿದರು, "ಮೋಳೇ, ಆ ಮಗೂಗೆ ಎಷ್ಟು ತಿಂಗಳಿರಬೋದು?"

ಸುಳ್ಳು ಹೇಳೋಣವೆನಿಸಿತು. ಹೇಳಲಾಗಲಿಲ್ಲ. "ಕತ್ತು ನಿಂತಿಲ್ಲ ಅಚ್ಛ. ಅಜ್ಜಿ ತಲೆ ಕೆಳಗೆ ಕೈ ಕೊಟ್ಟಿದಾರೆ ನೋಡಿ. ಎರಡು ತಿಂಗಳೂ ಆಗಿರ್ಲಿಕ್ಕಿಲ್ಲ."

"ಅದೇ ಮಗು?"

"ಅದೇ. ಹಣೇಲಿ ಮಚ್ಚೆ ಇದೆ."

"ಅದು ಸೊಸೆಯ ನೆನಪಿನೊಳಗಿನ ಮಗು," ಎಂದರು. ಪಾಠ ಹೇಳುವ ದನಿ. ಬಳಿಕ ಮತ್ತೆ, ಸಣ್ಣಗೆ, "ಸೂರು ನೋಡು. ಗರಿ ಬೂದು ಬಣ್ಣಕ್ಕೆ ತಿರುಗಿದೆ ಅಷ್ಟೇ. ಅವಳು ಸಾಯೋವಾಗ ಕರೀ ಆಗಿತ್ತು, ಅಂದ್ರೆ ಇದು ಅದಕ್ಕೂ ಮೊದಲಿಂದು. ಗರಿಗೆ ಯಾರ ನೆನಪೂ ಇರಲ್ಲ."

ನಾನು ಚಿತ್ರ ನಿಲ್ಲಿಸಿದೆ. ಅಮ್ಮಾಳು ಚೀರಿದಳು. ಎತ್ತಿಕೊಂಡು ಓಡಾಡುತ್ತಿದ್ದಾಗ ಅತ್ತೆ ಎದ್ದು ಬಂದರು. "ಏನಾಯ್ತು, ಇಬ್ರೂ ಸಾವಿನ ಮನೆ ಥರ ಕೂತಿದೀರಿ?"

ನಾನು ವಿಷಯ ಹೇಳಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಯೋಚಿಸಿದರು. "ವಾಸವನ್ ಅವರ ಡಬ್ಬಿ ಅಂದ್ರೆ, ಮಳೇಲಿ ನೆಂದು ಬಂದ್ವಲ್ಲ, ಅವಾ?"

ಮಾವ ತಲೆ ಎತ್ತಿದರು.

"ಸ್ಟೇಷನ್ನಿಂದ ಸೈಕಲ್ ಮೇಲೆ ತಂದ್ರಿ. ಗೋಣಿಚೀಲದಲ್ಲಿ ಚೀಟಿಗಳೆಲ್ಲ ಕಿತ್ತು ತಳದಲ್ಲಿ ಬಿದ್ದಿದ್ವು. 'ಮಾಧವೀ, ಒಣಗಿಸಿ ಅಂಟಿಸು' ಅಂತ ಹೇಳಿ ಹಾಲ್‌ಗೆ ಬೆಂಚು ಹಾಕಿಸೋಕೆ ಓಡಿದ್ರಿ. ಒಲೆ ಮುಂದೆ ಒಣಗಿಸ್ದೆ, ಗಂಜಿ ತಿಳಿ ಸವರಿ ಅಂಟಿಸ್ದೆ."

"ಯಾವುದಕ್ಕೆ ಯಾವುದು ಅಂತ ಹೆಂಗೆ ಗೊತ್ತಾಯ್ತು?"

"ನಂಗೆ ಹೆಂಗೆ ಗೊತ್ತಾಗ್ಬೇಕು? ಕೈಗೆ ಸಿಕ್ಕ ಹಾಗೆ ಒಂದೊಂದಕ್ಕೆ ಒಂದೊಂದು. ನಿಮ್ಮ ಸಿನಿಮಾ ಯಾವ ಕಡೆಯಿಂದ ನೋಡಿದ್ರೂ ಒಂದೇ ಥರ ಇರುತ್ತಲ್ಲ ಅಂತ."

ನಾನು ನಗಬಾರದಿತ್ತು, ನಕ್ಕೆ. ಮಾವ ನಗಲಿಲ್ಲ. ಕುರ್ಚಿಯ ತೋಳನ್ನು ಉಗುರಿನಿಂದ ಕೆರೆಯುತ್ತ ಕೂತರು. ಅತ್ತೆಗೆ ತಾನು ಏನೋ ಒಡೆದೆನೆಂದು ಹೊಳೆದು, ಏನೆಂದು ತಿಳಿಯದೆ, ಚಹಾ ಇಡಲು ಹೋದರು.

ಚಹಾ ಮುಗಿಸುವ ತನಕ ಎಂದಿನಂತೆ ಮಾತಿಲ್ಲ. ಆಮೇಲೆ ಹೇಳಿದರು, "ಆಗಲೇ ಪಯ್ಯನ್ನೂರಿನ ಸೊಸೈಟಿಯೋರು ಕಾಗದ ಬರ್ದಿದ್ರು. ನಮಗಿಂತ ಮೊದಲು ಅಲ್ಲಿ ನೋಡಿದಾಗ ಅದು ನೇರವಾದ ಕತೆ, ಮಾಷ್ ಹೇಳಿದ ಹಾಗೇನೂ ಇಲ್ಲ ಅಂತ. ನಾನು ಏನು ಮಾಡ್ದೆ ಗೊತ್ತಾ? ನೀವು ಸುರುಳಿ ತಪ್ಪಾಗಿ ಹಾಕಿದೀರಿ ಅಂತ ಉತ್ತರ ಬರ್ದೆ."

"ವಾಸವನ್ ಅವರು ಏನೂ ಅನ್ನಲಿಲ್ವಾ?"

"ಲೇಖನ ಓದಿ ಮನೇಗೇ ಬಂದಿದ್ದ. ಇದೇ ಜಗಲೀಲಿ ಕೂತು ಚಹಾ ಕುಡ್ದ. ಹೋಗೋವಾಗ, 'ಮಾಷೇ, ನೀವು ನೋಡಿದ ಸಿನಿಮಾ ನಾನು ತೆಗೆದದ್ದಕ್ಕಿಂತ ದೊಡ್ಡದು' ಅಂದ. ಎಷ್ಟು ವಿನಯ ಇವನಿಗೆ ಅಂದ್ಕೊಂಡೆ ನಾನು."

ಉಳಿದ ಎರಡು ದಿನ ಅವರು ಟೀವಿ ಹಾಕಲಿಲ್ಲ. ಊಟದಲ್ಲಿ ಮೀನಿನ ಮುಳ್ಳನ್ನು ಸುಮ್ಮನೆ ಬದಿಗೆ ಒತ್ತುತ್ತ ಕೂರುತ್ತಿದ್ದರು. ಶನಿವಾರ ಸಜೀವ ಹೇಳಿ ನೋಡಿದ, "ಅಚ್ಛ, ಬಿಟ್ಟುಬಿಡಿ. ಈಗ ಎಲ್ರೂ ಹಾಗೇ ನಂಬಿದಾರೆ. ನೀವು ಹೂಂ ಅಂದ್ರೆ ಯಾರಿಗೂ ನಷ್ಟ ಇಲ್ಲ." ಮಾವ ಲ್ಯಾಪ್‌ಟಾಪಿನ ಮುಂದೆ ಕೂತು, ತುಂಡುಗಳನ್ನು ಲ್ಯಾಬಿನವರು ಹೇಳಿದ ಕ್ರಮದಲ್ಲಿ ಹಾಕು ಎಂದು ನನಗೆ ಹೇಳಿದರು. ಎಂಬತ್ತರ ಹತ್ತಿರ ಬಂದ ಮೇಲೆ, ತಮ್ಮ ಹೆಸರು ನಿಂತಿರುವ ಒಂದೇ ಲೇಖನವನ್ನು ತಾವೇ ಕೆಡವಬೇಕು. ಅದು ಹೋದರೂ ಹೋಗಲಿ. ಸಾವಿನಾಚೆ ತಲೆ ಬಾಚುತ್ತ ಕೂತಿದ್ದ ಆ ಅಜ್ಜಿಯೂ ಅದರ ಜೊತೆ ಹೋಗುತ್ತಾಳೆ. ಅವರಿಗೆ ಯಾವುದು ಹೆಚ್ಚು ಭಾರ ಎಂದು ನನಗೆ ಆ ದಿನಗಳಲ್ಲಿ ತಿಳಿಯಲಿಲ್ಲ.

ಭಾನುವಾರ ರಜಿತಳ ಫೋನ್ ಬಂತು. ಮಾವನಿಗೆ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಿಕೊಟ್ಟೆ.

"ಲ್ಯಾಬಿನೋರು ಹೇಳಿದ್ದೇ ಸರಿ, ಮಗಳೇ," ಎಂದರು. "ಮಗು ಹುಟ್ಟೋದು ಮೊದಲು, ಸಾವು ಆಮೇಲೆ. ಚೀಟಿ ತಪ್ಪು. ಅದು ನಮ್ಮನೇಲೇ ತಪ್ಪಿದ್ದು."

"ಆದ್ರೆ ಮಾಷೇ, ನಿಮ್ಮ ಲೇಖನ? ಪುಸ್ತಿಕೆ ಅಚ್ಚಿಗೆ ಹೋಗ್ಬೇಕು."

"ಅದನ್ನ ತೆಗೆದುಬಿಡು. ಹೊಸದು ಬರ್ದು ಕೊಡ್ತೀನಿ, ಚಿಕ್ಕದು. ಏನಾಯ್ತು ಅನ್ನೋದನ್ನೂ ಬರೀತೀನಿ."

"ಹಾಗೆ ನೋಡಿದ್ರೆ ಅಪ್ಪನ ಚಿತ್ರ..." ಅವಳ ದನಿ ನಿಂತಿತು. "ಸಾಧಾರಣ ಆಗ್ಬಿಡುತ್ತಾ?"

ಮಾವ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಎಷ್ಟೋ ಜನರ ಚಿತ್ರಗಳಿಗೆ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟವರು ಅವರು. "ನಿನ್ನೆ ಸೊಸೆ ಹತ್ರ ಸರಿಯಾದ ಕ್ರಮದಲ್ಲಿ ಹಾಕಿಸ್ಕೊಂಡು ನೋಡ್ದೆ. ಎಲ್ಲೂ ಜಾಣತನ ಇಲ್ಲ. ಒಂದು ಮನೇಲಿ ವರ್ಷ ಹೆಂಗೆ ಕಳೆಯುತ್ತೋ ಹಂಗೇ ಇದೆ. ಅಜ್ಜಿ ಸಾಯ್ತಾಳೆ, ಮತ್ತೆ ಬರಲ್ಲ, ಗರಿ ಬದಲಾಯಿಸ್ತಾರೆ. ಒಳ್ಳೇ ಚಿತ್ರ. ನಿಮ್ಮಪ್ಪ ತೆಗೆದದ್ದು ಅದನ್ನೇ. ಅದನ್ನೇ ತೋರಿಸು."

ಫೋನ್ ಇಟ್ಟ ಮೇಲೆ ಬಹಳ ದಣಿದಿದ್ದರು. ಊಟ ಬೇಡ ಎಂದರು. ಅತ್ತೆ ಬಿಡದೆ ಗಂಜಿ ಕುಡಿಸಿದರು. "ಚೀಟಿ ನಾನೇ ಅಂಟಿಸ್ದೆ ಅಂತ ಬರೀರಿ, ಬೇಕಾದ್ರೆ. ನಂಗೇನು ನಾಚಿಕೆ? ನನ್ನ ಹೆಸ್ರೂ ಒಂದ್ಸಲ ಅಚ್ಚಾಗ್ಲಿ."

"ಬರೀತೀನಿ," ಎಂದರು ಮಾವ. "ಸಂಕಲನ, ಮಾಧವಿ ಅಂತ."

ಮಧ್ಯಾಹ್ನ ಅತ್ತೆ ಒಳಗೆ ಅಡ್ಡಾದ ಮೇಲೆ ನಾನು ಬಟ್ಟೆ ಮಡಚುತ್ತಿದ್ದೆ. ಮಾವ ಎಡತುದಿಯ ಕುರ್ಚಿಯಲ್ಲೇ ಇದ್ದರು, ಮಡಿಲಲ್ಲಿ ಅಮ್ಮಾಳು ಒಸಡಿಗೆ ಅವರ ಬೆರಳನ್ನು ಒತ್ತಿಕೊಂಡಿದ್ದಳು.

"ಮೋಳೇ, ಆ ತುಂಡುಗಳನ್ನ ಅಳಿಸಿಬಿಟ್ಯಾ?"

"ಇಲ್ಲ ಅಚ್ಛ."

"ಹಾಗಾದ್ರೆ ಒಂದ್ಸಲ..." ಎಂದು ನಿಲ್ಲಿಸಿದರು.

ನಾನು ಕೇಳದೆಯೇ ಹಾಕಿದೆ. ಅತ್ತೆ ಅಂಟಿಸಿದ ಚೀಟಿಯ ಕ್ರಮದಲ್ಲೇ, ಮೊದಲು ಸಾವಿನದು, ಆಮೇಲೆ ಜಗಲಿಯದು. ಅಜ್ಜಿ ಸತ್ತಳು, ಮಳೆ ಸೂರಿನಿಂದ ಸೋರಿತು. ಆಮೇಲೆ ಬಿಸಿಲು ಬಂದು, ಅವಳು ಜಗಲಿಯಲ್ಲಿ ಕೂತು ತಲೆ ಬಾಚಿಕೊಂಡಳು. ಮಾವ ಸುಮ್ಮನೆ ನೋಡುತ್ತಿದ್ದರು. ಅಜ್ಜಿ ಬಾಚಣಿಗೆಯಿಂದ ಕೂದಲು ಬಿಡಿಸಿ, ಬೆರಳಿಗೆ ಸುತ್ತಿ, ಜಗಲಿಯ ಆಚೆ ಎಸೆದಾಗ ಮಾತ್ರ ಮಗುವಿನ ಕಿವಿಯ ಹತ್ತಿರ ಬಾಗಿ ಹೇಳಿದರು, "ನಮ್ಮಮ್ಮನೂ ಹಿಂಗೇ ಸುತ್ತಿ ಎಸೀತಿದ್ಲು."

ಆ ಹೊತ್ತಿಗೆ ಅಮ್ಮಾಳು ನಿದ್ದೆ ಹೋಗಿದ್ದಳು. ಅವಳು ಏಳುವ ಮೊದಲು ನಾನೂ ಸ್ವಲ್ಪ ಮಲಗಬೇಕಿತ್ತು. ಕೊನೆಯ ಹೆಸರು ಹೋಗುವ ತನಕ ಕೂತೆ.