ಟಾಕಿಯೊಳಗಿನ ಜೀವಗಳು

ಕುಡಚಿಯ ಸೇತುವೆ ದಾಟಿ ಹೊಳೆಗುಂಟ ಸ್ವಲ್ಪ ಕೆಳಗೆ ಬಂದರೆ ಸನ್ಮತಿಯ ಬೋಟು ಕಾಣುತ್ತದೆ. ಗೋವಾದ ಕಡೆ ಯಾರೋ ಓಡಿಸಿ ಬೇಸತ್ತು ಬಿಟ್ಟಿದ್ದ ಹಳೆಯ ಬೋಟು. ಅದನ್ನು ಲಾರಿಯ ಮೇಲೆ ಹೇರಿ ತಂದು, ಬಣ್ಣ ಹಚ್ಚಿ ಕೃಷ್ಣೆಗೆ ಇಳಿಸಿದ್ದಾನೆ. ಹುಟ್ಟುಹಬ್ಬಕ್ಕೆ, ಮದುವೆಗೆ ಮುಂಚಿನ ಫೋಟೋಕ್ಕೆ, ಕೂಡಿ ಓದಿದವರು ವರ್ಷಕ್ಕೊಮ್ಮೆ ಸೇರುವುದಕ್ಕೆ ಅಥಣಿ, ರಾಯಬಾಗ, ನಿಪ್ಪಾಣಿಗಳಿಂದ ಜನ ಬರುತ್ತಾರೆ. ಹೊಳೆಯಲ್ಲಿ ಬೇರೆ ದೋಣಿಗಳೂ ಇವೆ. ಸಂಡಾಸ ಇರುವುದು ಇದೊಂದರಲ್ಲೇ. ಹೆಂಗಸರು, ವಯಸ್ಸಾದವರು ಇದನ್ನೇ ಕೇಳಿಕೊಂಡು ಬರುವುದು ಅದಕ್ಕಾಗಿ.

ಸಂಡಾಸದ ಕೆಳಗೆ, ಬೋಟಿನ ಹೊಟ್ಟೆಯಲ್ಲಿ ಒಂದು ಟಾಕಿ ಇದೆ. ಬಿದ್ದದ್ದು ಹೊಳೆಗೆ ಹೋಗದೆ ಅದರಲ್ಲೇ ನಿಲ್ಲುತ್ತದೆ. ತುಂಬಿದಾಗ ದಡಕ್ಕೆ ಗಾಡಿ ಕರೆಸಿ, ಪೈಪು ಇಳಿಬಿಟ್ಟು ಎಳೆಸಬೇಕು. ಅಲ್ಲಿಯತನಕ ಅದು ನಾರದಂತೆ ಕಾಯಬೇಕು. ಸನ್ಮತಿಯ ತಾಯಿ ಲಕ್ಷ್ಮಿಬಾಯಿ ಒಂದೇ ಮನೆಯಲ್ಲಿದ್ದೂ ಮಗನ ಊಟ ಬಿಟ್ಟಿದ್ದು ಈ ಟಾಕಿಯ ದೆಸೆಯಿಂದ.

ಬೋಟು ಮಾರಿದವನು ನೀಲಿ ಔಷಧದ ಕ್ಯಾನುಗಳನ್ನೂ ಜೊತೆಗೆ ಕೊಟ್ಟಿದ್ದ. ಒಂದು ದಿನ ಸನ್ಮತಿ ಅದರಲ್ಲೊಂದನ್ನು ಮನೆಗೆ ತಂದು ಪಡಸಾಲೆಯಲ್ಲಿಟ್ಟ. ಲಕ್ಷ್ಮಿಬಾಯಿ ಜೈನರ ನೇಮದಂತೆ ಬಾವಿಯಿಂದ ಸೇದಿದ ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿ, ಆ ಅರಿವೆಯಲ್ಲಿ ಸಿಕ್ಕ ಜೀವ ಸಾಯಬಾರದೆಂದು ಅದನ್ನು ಅದೇ ಬಾವಿಯ ನೀರಲ್ಲಿ ಜಾಲಿಸಿ ಬರುವವಳು. ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದಳು.

"ಏನಪಾ ಇದು, ಶರಬತ್ತೇನು?"

"ಸಂಡಾಸ ಟಾಕಿ ಔಷಧ ಅವ್ವಾ."

"ಟಾಕಿಗೇನ ಜಡ್ಡ ಬಂದೈತಿ?"

"ಜಡ್ಡಲ್ಲಬೇ. ಒಳಗ ಕಣ್ಣಿಗೆ ಕಾಣದಂಥಾ ಜೀವ ಹುಟ್ಟತಾವ. ಇದು ಅವನ್ನ ಸಾಯಸ್ತೈತಿ. ಆಗ ನಾರಂಗಿಲ್ಲ."

ಬೇರೆ ಏನಾದರೂ ಹೇಳಬಹುದಿತ್ತು. ತಾಯಿಯ ಎದುರು ಅವನಿಗೆ ತಕ್ಷಣ ಸುಳ್ಳು ಹೊಳೆಯುವುದಿಲ್ಲ. ಮರುದಿನದಿಂದ ಲಕ್ಷ್ಮಿಬಾಯಿ ತನ್ನ ಪಾಲಿನ ಹೊಲದ ಜೋಳ ಬೀಸಿಸಿಕೊಂಡು ತಾನೇ ರೊಟ್ಟಿ ತಟ್ಟತೊಡಗಿದಳು. ಸೊಸೆ ಕಾಜಲ ಅತ್ತಾಗ ಹತ್ತಿರ ಕೂರಿಸಿಕೊಂಡು, "ನಿನ್ನ ಅಡಿಗಿ ಮ್ಯಾಲ ಸಿಟ್ಟಿಲ್ಲವಾ, ಬೋಟಿನ ಅನ್ನ ನನಗ ಇಳಿಯೂದಿಲ್ಲ" ಎಂದಳು.

ಸನ್ಮತಿ ವಾದ ಮಾಡಿ ನೋಡಿದ. "ಕಬ್ಬಿಗೆ ಔಷಧ ಹೊಡೀತೀವಲ್ಲ, ಅದನ್ನ ಇಷ್ಟ ದಿನ ಉಣ್ಣಲಿಲ್ಲೇನು?"

"ಉಂಡೀನಿ. ಉಂಡದ್ದ ಸಾಲದೇನು? ಮ್ಯಾಲೊಂದು ಹೇರಬೇಕೇನು?"

ಬೋಟು ಮಾರುತ್ತೇನೆಂದರೆ ಕೊಳ್ಳುವವರಿಲ್ಲ. ತಾಯಿ ಹೊಗೆಯಲ್ಲಿ ಕೆಮ್ಮುತ್ತ ರೊಟ್ಟಿ ತಟ್ಟುವುದನ್ನು ನೋಡುತ್ತ ತನಗೆ ಉಣ್ಣಲಾಗುತ್ತಿಲ್ಲ. ಕೊಲ್ಲದೆ ವಾಸನೆ ತಡೆಯುವ ಔಷಧ ಹುಡುಕಿಕೊಂಡು ಅವನು ಚಿಕ್ಕೋಡಿಗೆ ಹೋದ. ಅಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ದಾದಾಸಾಹೇಬ ಪರಿಚಯದವನು. ಕೇಳಿದ್ದೇ ತಡ, ಅವನು ಗಲ್ಲಾಪೆಟ್ಟಿಗೆಯ ಮೇಲೆ ಕೈಬಡಿದು ನಕ್ಕ.

"ಏ ಸನ್ಮತಿ, ಮನಿಮಂದಿಗೆ ಉಪವಾಸ ಹಚ್ಚಿದ್ದು ಸಾಲದಂತ ಸಂಡಾಸಕ್ಕೂ ನೇಮ ಹಿಡಸಾಕ ಹೊಂಟೀ ಏನು?"

"ನಗಬ್ಯಾಡ್ರಿ ಕಾಕಾ. ಇದ್ರ ಕೊಡ್ರಿ, ಇಲ್ಲಾಂದ್ರ ಇಲ್ಲ ಅನ್ರಿ."

ದಾದಾಸಾಹೇಬ ಒಳಗಿನಿಂದ ಒಂದು ಪುಡಿಯ ಪಾಕೀಟು ತಂದ. ಮನೆಯ ಸಂಡಾಸದ ಗುಂಡಿಗಳಿಗೆ ಹಾಕುವಂಥದ್ದು. ಅದರಲ್ಲಿರುವುದು ವಿಷವಲ್ಲ, ಜೀವಾಣು. ನೀರು ಸಿಕ್ಕರೆ ಎಚ್ಚೆತ್ತು ಹೊಲಸನ್ನು ತಿನ್ನುತ್ತವೆ. ಹೊಲಸು ಕರಗುತ್ತದೆ, ನಾತ ತಗ್ಗುತ್ತದೆ. ನೀಲಿ ಔಷಧ ಸುರಿದ ತಾಸಿನಲ್ಲೇ ಕೆಲಸ ತೋರಿಸುತ್ತದೆ, ಇದಕ್ಕೆ ಕೆಲವು ದಿನ ಬೇಕು. ಧಾರಾಳ ನೀರು ಬೇಕು, ಟಾಕಿಯೊಳಗೆ ಗಾಳಿ ಆಡಬೇಕು. ಮುಖ್ಯವಾಗಿ ಫಿನೈಲು, ಆಸಿಡ್, ಬ್ಲೀಚಿಂಗ್ ಪುಡಿ ಯಾವುದೂ ಸೋಕಬಾರದು. ಸೋಕಿದರೆ ಇವೂ ಸತ್ತವು.

"ಒಟ್ಟ ಸಾಕಣಿ ಇದು," ಎಂದ ದಾದಾಸಾಹೇಬ. "ನೀ ಎಮ್ಮಿ ಸಾಕಿದಂಗ. ಹಾಲ ಅಷ್ಟ ಕೊಡಂಗಿಲ್ಲ."

ಪಾಕೀಟನ್ನು ಸನ್ಮತಿ ನೇರವಾಗಿ ತಾಯಿಯ ಮುಂದಿಟ್ಟ. ಲಕ್ಷ್ಮಿಬಾಯಿ ಎಲ್ಲ ಕೇಳಿಸಿಕೊಂಡಳು. "ಗಾಡಿ ಬಂದು ಎಳಕೊಂಡ ಹೋದ ಮ್ಯಾಲ ಇವು ಬದುಕತಾವೇನು?" ಎಂದು ಕೇಳಿದಳು.

"ಗೊತ್ತಿಲ್ಲ ಅವ್ವಾ."

ಪಾಕೀಟನ್ನು ಕೈಯಲ್ಲಿ ತಿರುಗಿಸಿ ನೋಡಿ ಹೇಳಿದಳು: "ಹುಟ್ಟೂದು ಸಾಯೂದು ನಮ್ಮ ಕೈಯಾಗಿಲ್ಲಪಾ. ಸಾಯ್ಲಿ ಅಂತ ಸುರವೂದು ಬಿಡೂದು ನಮ್ಮ ಕೈಯಾಗೈತಿ. ಸುರವಂಗಿಲ್ಲ ಹೌದಲ್ಲ?"

"ಸುರವಂಗಿಲ್ಲ."

ಅಂದಿನಿಂದ ಅವಳು ಮತ್ತೆ ಕಾಜಲಳ ಅಡುಗೆ ಉಣ್ಣತೊಡಗಿದಳು.

ಆ ಪುಡಿ ಮಳೆಗಾಲ, ಚಳಿಗಾಲವನ್ನೆಲ್ಲ ಚೆನ್ನಾಗಿಯೇ ದಾಟಿಸಿತು. ಬೋಟು ನಡೆಸುವ ಭರಮು ಸನ್ಮತಿಯ ಜೊತೆ ಕನ್ನಡ ಸಾಲೆ ಕಲಿತವನು. ಫಿನೈಲು ಹಾಕಬಾರದೆಂದು ಸಂಡಾಸದ ಬಾಗಿಲ ಮೇಲೆ ಕನ್ನಡ, ಮರಾಠಿ ಎರಡರಲ್ಲೂ ಬರೆದದ್ದು ಅವನೇ. ಕಾಗವಾಡದ ಕಡೆಯ ಒಬ್ಬ, "ಫಿನೈಲ್‌ಲಾ ಪಣ್ ಪಾಪ ಲಾಗ್ತೆ ಕಾಯ್?" ಎಂದು, ಫಿನೈಲಿಗೂ ಪಾಪ ತಟ್ಟುತ್ತದೆಯೇ ಎಂದು ನಗಾಡಿ ಹೋದ. ನಾತ ಬರುತ್ತದೆಂದು ಯಾರೂ ದೂರಲಿಲ್ಲ.

ಬೇಸಿಗೆಗೆ ಹೊಳೆ ಇಳಿಯಿತು. ದಡದಲ್ಲಿ ನೀರು ಸರಿದು ಕೆಸರು ಉಳಿಯಿತು. ಬೋಟನ್ನು ಮಡುವಿಗೆ ಒಯ್ದು ನಿಲ್ಲಿಸಿ, ಜನರನ್ನು ಹಲಗೆಯ ಮೇಲೆ ನಡೆಸಿ, ಸಣ್ಣ ದೋಣಿಯಲ್ಲಿ ಕರೆತರುವ ವ್ಯವಸ್ಥೆ ಆಯಿತು. ಟಾಕಿ ಎಳೆಯುವ ಗಾಡಿ ಕೆಸರಿಗಿಳಿಯಲಾರದು, ಅದರ ಪೈಪು ಮಡುವಿನತನಕ ಮುಟ್ಟದು. ಟಾಕಿ ಬೇಗ ತುಂಬಬಾರದೆಂದು ಭರಮು ನೀರು ಬಿಡುವುದನ್ನು ಕಡಿಮೆ ಮಾಡಿದ. ಗಾಳಿ ಆಡುವ ಕೊಳವೆಯ ಬಾಯಿಯ ಜಾಲರಿ ಯಾವಾಗಲೋ ಹರಿದಿತ್ತು, ಅದನ್ನು ಇಬ್ಬರೂ ನೋಡಿರಲಿಲ್ಲ. ನೀರಿಲ್ಲದೆ ಪುಡಿ ಕೆಲಸ ನಿಲ್ಲಿಸಿತು, ಕೊಳವೆಯಿಂದ ನೊಣ ಒಳಗಿಳಿದವು.

ತೆಲಸಂಗದಿಂದ ಒಂದು ಗಾಡಿ ಮುದುಕಿಯರು ಬರುವವರಿದ್ದರು. ಒಬ್ಬಳ ಮೊಮ್ಮಗಳು ಬಸುರಿ, ಅವಳಿಗೆ ಹೊಳೆಯ ಮೇಲೆ ಆರತಿ ಮಾಡಬೇಕೆಂಬ ಆಸೆ. ಅವರ ಗಾಡಿ ದಡಕ್ಕೆ ಬಂದು ನಿಂತ ಹೊತ್ತಿಗೇ ಭರಮು ಬೋಟಿನಿಂದ ಕೂಗಿದ.

"ಅಣ್ಣಾ, ಲಗೂನ ಬಾ. ಟಾಕಿಯಿಂದ ಹುಳ ಮ್ಯಾಲ ಬಂದಾವ."

ಸನ್ಮತಿ ಹೋಗಿ ನೋಡಿದ. ಬಿಳಿಯ ಹುಳಗಳು ಸಂಡಾಸದ ಬಟ್ಟಲಿನ ಅಂಚು ದಾಟಿ ನೆಲಕ್ಕಿಳಿದಿದ್ದವು. ಬಾಗಿಲಿನ ಸಂದಿನವರೆಗೂ ಹರಿದಾಡುತ್ತಿದ್ದವು. ಪುಡಿಯೊಳಗಿನ ಜೀವ ಕಣ್ಣಿಗೆ ಕಾಣದ್ದು. ಇವಕ್ಕೆ ತಲೆಯಿತ್ತು, ಮೈಯಿತ್ತು. ನೀರು ಬಿಟ್ಟು ನೋಡಿದರು. ಇನ್ನಷ್ಟು ಮೇಲೆ ಬಂದವು. ಮೆತ್ತಗೆ ಬಳಿದು ಬಕೆಟ್ಟಿಗೆ ತುಂಬಿ ದಡಕ್ಕೆ ಒಯ್ದು ಬಿಡೋಣವೆಂದು ಸನ್ಮತಿ ಕಸಬರಿಗೆ ಹಿಡಿದ. ಕಡ್ಡಿಗಳ ನಡುವೆ ಸಿಕ್ಕು ಅರ್ಧದಷ್ಟು ಹುಳ ಅಲ್ಲೇ ಜಜ್ಜಿಹೋದವು. ಟಾಕಿ ಎಳೆಯುವ ಗಾಡಿಯವನಿಗೆ ಫೋನು ಮಾಡಿದ. ಮಳೆ ಬಂದು ಹೊಳೆ ಏರಿದ ಮೇಲೆ ಹೇಳು, ಬರುತ್ತೇನೆ ಎಂದ ಅವನು.

"ಬಾಗಲಾ ಕೀಲಿ ಹಾಕಿಬಿಡೂಣು," ಎಂದ ಸನ್ಮತಿ.

"ಸಂಡಾಸ ಐತಿ ಅಂತನ ಬಂದಾರೋ ಅಣ್ಣಾ. ಅಲ್ಲಿ ನೋಡು, ಒಬ್ಬಾಕಿ ಬಂದಕೂಡ್ಲೇ ಎಲ್ಲೈತಿ ಅಂತ ಕೇಳಾಕತ್ತಾಳ."

ದಡದಲ್ಲಿ ಕೋಲೂರಿಕೊಂಡ ಮುದುಕಿಯೊಬ್ಬಳು ನಿಜಕ್ಕೂ ಕೈ ಬೀಸುತ್ತಿದ್ದಳು. ಭರಮು ಎಂಜಿನ್ನಿನ ಹಿಂದಿನಿಂದ ಫಿನೈಲಿನ ಕ್ಯಾನು ತೆಗೆದ. ಅದು ಅಲ್ಲಿತ್ತೆಂಬುದು ಸನ್ಮತಿಗೆ ಗೊತ್ತಿರಲಿಲ್ಲ.

"ನೀ ಆಚಿ ಹೋಗು. ನಾ ಸುರೀತೀನಿ."

"ನಿಮ್ಮಲ್ಲಿ ನಡೀತೈತೇನು?"

"ಎಲ್ಲಿ ನಡೀತೈತಿ. ನಮ್ಮನ್ಯಾಗ ದಿನಾ ಬುದ್ಧನ ಪಂಚಶೀಲ ಹೇಳ್ತೀವಿ, ಕೊಲ್ಲಬ್ಯಾಡ ಅನ್ನೂದ ಮೊದಲನೇ ಮಾತ ಐತಿ." ಭರಮು ಮುಖ ಆಚೆ ಮಾಡಿ, "ಇವತ್ತ ಇನ್ನಾ ಹೇಳಿಲ್ಲ" ಎಂದ.

ತಾನು ಮಾಡಲಾರದ್ದನ್ನು ಅವನ ಕೈಯಿಂದ ಮಾಡಿಸಿದರೆ ಅದು ತನ್ನದೇ, ಮೇಲೆ ಅವನದೊಂದು ಪಾಲು ಬೇರೆ ಎನಿಸಿತು ಸನ್ಮತಿಗೆ. ಕ್ಯಾನು ಇಸಿದುಕೊಂಡ. ಒಳಗೆ ಹೋಗಿ ಬಾಗಿಲು ಎಳೆದುಕೊಂಡು ಸುರಿದ. ಹುಳಗಳು ಒಮ್ಮೆಲೇ ಸೆಟೆದು, ಸುರುಳಿಯಾಗಿ, ನಿಂತವು. ಅವನು ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಸುಳ್ಳಾದೀತು ಅನ್ನಿಸಿತ್ತು.

ಮುದುಕಿಯರು ಬಂದರು, ಆರತಿ ಮಾಡಿದರು, ಹಾಡಿದರು. ಸಂಡಾಸಕ್ಕೆ ಹೋಗಿಬಂದವಳೊಬ್ಬಳು, "ಎಷ್ಟ ಸ್ವಚ್ಛ ಇಟ್ಟೀಯಪಾ, ಘಮಾ ಅನ್ನಾಕತ್ತೈತಿ" ಎಂದು ಅವನ ಬೆನ್ನು ತಟ್ಟಿದಳು.

ಅಂದು ಚತುರ್ದಶಿ. ಚತುರ್ದಶಿಯ ದಿನ ಲಕ್ಷ್ಮಿಬಾಯಿಗೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮೊದಲು. ಮುಳುಗಿದರೆ ನೀರೂ ಇಲ್ಲ. ಮಗ ಬರಲಿ, ಕೂಡಿಯೇ ಉಣ್ಣೋಣವೆಂದು ಮಧ್ಯಾಹ್ನದಿಂದ ಕಾದಿದ್ದಳು. ಸನ್ಮತಿ ಹಿತ್ತಲಲ್ಲಿ ಸಾಬೂನು ಹಚ್ಚಿ ಮತ್ತೆ ಮತ್ತೆ ಕೈ ತೊಳೆದು ಮೂಸಿ ನೋಡಿಕೊಂಡ. ಏನೂ ಉಳಿದಿರಲಿಲ್ಲ. ಒಳಗೆ ಬಂದಾಗ ಅವಳು ತಾಟಿನ ಮುಂದೆ ಕೂತಿದ್ದಳು. ಕಿಟಕಿಯಾಚೆ ಸೂರ್ಯ ಕಬ್ಬಿನ ಸುಳಿಗೆ ತಾಗಿದ್ದ.

ಹೇಳದಿದ್ದರೆ ಅವಳು ಉಣ್ಣುತ್ತಾಳೆ. ತಾನು ಒಲ್ಲೆನೆಂದ ಅನ್ನವನ್ನೇ ಅರಿಯದೆ ಉಣ್ಣುತ್ತಾಳೆ. ಹೇಳಿದರೆ ನಾಳೆಯತನಕ ಹಸಿದಿರುತ್ತಾಳೆ. ಬೇರೆ ಒಲೆ ಹೊತ್ತಿಸಿ ಬೇಯಿಸುವಷ್ಟು ಬೆಳಕು ಉಳಿದಿರಲಿಲ್ಲ. ಅವಳು ರೊಟ್ಟಿ ಮುರಿದಳು.

"ಅವ್ವಾ, ತಡಿ."

ಹುಳ ಬಂದದ್ದು, ಕಸಬರಿಗೆ ಹಿಡಿದದ್ದು, ಸುರಿದದ್ದು, ಎಲ್ಲ ಹೇಳಿದ. ಲಕ್ಷ್ಮಿಬಾಯಿ ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟಳು.

"ಎಷ್ಟಿದ್ದುವಪಾ?"

"ಎಣಿಸಲಿಲ್ಲ ಅವ್ವಾ."

ಅವಳು ಕೈ ತೊಳೆದುಕೊಂಡಳು. "ಅತ್ತಿ, ಒಂದ ಬಾಳಿಹಣ್ಣರ ತಿನ್ರಿ," ಎಂದಳು ಕಾಜಲ ಬಾಗಿಲಲ್ಲಿ ನಿಂತು.

"ಬ್ಯಾಡವಾ. ಇವಗ ಹಾಕು, ಮುಂಜಾನೆ ಹ್ವಾದಾವ ಈಗ ಬಂದಾನ." ಸೊಸೆ ಕದಲದಿದ್ದಾಗ ತಾನೇ ತಾಟನ್ನು ಮಗನ ಮುಂದೆ ಸರಿಸಿದಳು. "ಹೊತ್ತ ಐತಿ ಇನ್ನಾ. ಉಣ್ಣು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸನ್ಮತಿ ಏನಾದರೂ ಉತ್ತರ ಕೊಡುತ್ತಿದ್ದ. ಅವನು ಉಣ್ಣತೊಡಗಿದ. ಅವಳು ಪಕ್ಕದಲ್ಲೇ ಕೂತು ಪಲ್ಲೆ ತೀರಿದಂತೆ ಪಲ್ಲೆ, ರೊಟ್ಟಿ ತೀರಿದಂತೆ ರೊಟ್ಟಿ ನೀಡುತ್ತ ಹೋದಳು. ಹೊಟ್ಟೆ ತುಂಬಿದ ಮೇಲೂ ಅವನು ಸಾಕೆನ್ನಲಿಲ್ಲ. ಸಾಕೆಂದರೆ ಅವಳು ಎದ್ದು ಹೋಗುವವಳಿದ್ದಳು.