ಶರಣ್ಯಾ ಎಳೆದ ಎರಡು ಗೆರೆ

ಪಂಕಜಾಕ್ಷಿ ಟೀಚರಿಗೆ ತಪ್ಪು ಉತ್ತರ ಕಂಡರೆ ಸಿಟ್ಟಿಲ್ಲ, ಸರಿ ಉತ್ತರ ಕಂಡರೇ ಸಂಶಯ. ಕೋಟೇಶ್ವರದ ತರಕಾರಿ ಅಂಗಡಿಯಲ್ಲೂ ಅಷ್ಟೇ: ತಕ್ಕಡಿ ಸೊನ್ನೆಯಲ್ಲಿ ನಿಂತಿದೆಯೇ ಎಂದು ಬಗ್ಗಿ ನೋಡದೆ ಒಂದು ಬೆಂಡೆಕಾಯಿಯನ್ನೂ ಮುಟ್ಟುವವರಲ್ಲ. ಸಾಲಿಗ್ರಾಮದಿಂದ ಬಸ್ಸು ಹತ್ತಿ ಗುಲ್ವಾಡಿ ಕಡೆಯ ಹೈಸ್ಕೂಲಿಗೆ ಬಂದು ಗಣಿತ ಹೇಳಿಕೊಡುವ ಈ ಹೆಂಗಸಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದಲ್ಲ. ನಂಬಿಕೆ ಇಲ್ಲ, ಅಷ್ಟೆ.

ಈ ಸಲ ಅವರ ಸಂಶಯಕ್ಕೆ ಸಿಕ್ಕಿಬಿದ್ದವಳು ಹತ್ತನೇ ತರಗತಿಯ ಶರಣ್ಯಾ, ಮೀನು ಮಾರುವ ಬಾಗಿ ಎಂಬಾಕೆಯ ಮಗಳು. ಕಿರುಪರೀಕ್ಷೆಯಲ್ಲಿ √x² ಎಷ್ಟು ಎಂಬ ಪ್ರಶ್ನೆಗೆ ತರಗತಿಯೆಲ್ಲ x ಎಂದು ಬರೆದಿದ್ದರೆ, ಇವಳು ಮಾತ್ರ ಎರಡೂ ಬದಿಗೆ ನೆಟ್ಟಗೆ ಗೆರೆ ಎಳೆದು |x| ಎಂದು ಬರೆದಿದ್ದಳು. ಉತ್ತರವೇನೋ ಸರಿ. ಆದರೆ ಆ ಚಿಹ್ನೆ ಪಿಯುಸಿಯದು, ಇನ್ನೂ ಯಾರೂ ಹೇಳಿಕೊಟ್ಟಿಲ್ಲ. ಮೊಬೈಲ್ ನೋಡಿ ಬರೆದಿದ್ದಾಳೆ, ಬೇರೆ ಮಾತೇ ಇಲ್ಲ! ಟೀಚರು ಹಿಂದೆಮುಂದೆ ನೋಡದೆ ಹೆಡ್‌ಮಾಸ್ಟರರ ಕಿವಿಗೆ ಹಾಕಿದರು. ತಾಲೂಕು ಮಟ್ಟದ ಗಣಿತ ಸ್ಪರ್ಧೆಗೆ ಹೋಗಬೇಕಿದ್ದ ಶರಣ್ಯಾಳನ್ನು ಬಿಟ್ಟು ಅದೇ ತರಗತಿಯ ವಿಶಾಲನ ಹೆಸರು ಸೇರಿಸಿದ್ದಾಯಿತು. ಆಮೇಲೆ ಅವಳನ್ನು ಕರಿಹಲಗೆಯ ಮುಂದೆ ನಿಲ್ಲಿಸಿದರು.

“ಈ ಗೆರೆ ಎಂತಕ್ಕೆ ಹೆಣ್ಣೆ? ಹೇಳ್ ಕಾಂಬ.”

ಶರಣ್ಯಾ ಸೀಮೆಸುಣ್ಣ ಹಿಡಿದಳು. “x ಮೈನಸ್ ಮೂರಾರೆ ಅದ್ರ ವರ್ಗ ಒಂಬತ್ತ್. ಒಂಬತ್ತಕ್ಕೆ ಈ ಮೂಲದ ಚಿಹ್ನೆ ಹಾಕ್ರೆ ಬಪ್ಪುದ್ ಮೂರು, ಮೈನಸ್ ಮೂರಲ್ಲ. ಬರೀ x ಅಂದ್ ಬರದ್ರೆ ಮೈನಸ್ ಮೂರ್ ಅಂದಂಗ್ ಆತ್ತಲ್ದಾ ಟೀಚರ್? ಗೆರೆ ಹಾಕ್ರೆ ಮೈನಸ್ ಹೋತ್ತ್.”

ಇದು ಬಾಯಿಪಾಠವಲ್ಲ, ತಿಳಿದೇ ಹೇಳುತ್ತಿದ್ದಾಳೆ. ಆದರೂ ಟೀಚರು ಪಟ್ಟು ಬಿಡಲಿಲ್ಲ. “ಯಾರ್ ಹೇಳಿಕೊಟ್ಟದ್ದ್? ಮೊಬೈಲಾ?”

“ಮೊದ್ಲ್ ನಿಮ್ಮತ್ರೇ ಕೇಂಡಿದೆ. ಅದೆಲ್ಲ ಪಿಯುಸಿಯಂಗೆ, ಈಗ ಸುಮ್ನೆ ಕೂಕೊ ಅಂದ್ರಿ. ಮತ್ತೆ ಬಸ್ಸಂಗೆ ಅಮಿತಕ್ಕನತ್ರ ಕೇಂಡೆ. ಅವ್ರ್ ಪಿಯುಸಿ ಅಲ್ದಾ.”

ಪಂಕಜಾಕ್ಷಿಗೆ ನೆನಪಾಯಿತು. ಗಂಟೆ ಹೊಡೆಯುವ ಹೊತ್ತಿನಲ್ಲಿ ಸಂಶಯ ಕೇಳಲು ಎದ್ದುನಿಂತ ಹುಡುಗಿಯನ್ನು ಗದರಿಸಿ ಕೂರಿಸಿದ್ದು ನಿಜ. ಮುಖ ಬಿಸಿಯಾಯಿತು, ಇಷ್ಟು ಮಕ್ಕಳೆದುರು ನಾಚಿಕೆಯೂ ಆಯಿತು.

“ಸ್ಪರ್ಧೆಗೆ ನೀನೇ ಹೋಯ್ಕ್. ನಾನ್ ಹೆಡ್‌ಮಾಸ್ಟ್ರಿಗೆ ಹೇಳ್ತೆ,” ಎಂದರು.

ಶರಣ್ಯಾ ಹಲಗೆಯ ಮೇಲೆ ಬರೆದದ್ದನ್ನೆಲ್ಲ ಒರೆಸಿದಳು. “ಬ್ಯಾಡ ಟೀಚರ್, ವಿಶಾಲನೇ ಹೋಯ್ಲಿ. ನಾನ್ ಇನ್ನ್ ಪುಸ್ತಕದಂಗೆ ಇದ್ದಷ್ಟೇ ಬರಿತೆ.”